ಎರಡು ಎಲೆಯ ಮಾತು

ಆಗಸ್ಟ್ ೪, ೨೦೨೪, ಭಾನುವಾರ, ಚಾಮರಾಜನಗರ

ಹೊಸದಾಗಿ ಸೇರಿದ ಆನ್‌ಲೈನ್ ಫೆಲೋಶಿಪ್ಪಿನವರು ವಾರಕ್ಕೊಂದು ಟಿಪ್ಪಣಿ ಬರೆದು ಅಪ್‌ಲೋಡ್ ಮಾಡಿ ಎಂದಿದ್ದಾರೆ. ‘ನಾನು ಕಲಿತದ್ದು’ ಎಂದು ಅದಕ್ಕೆ ಹೆಸರು. ಅದನ್ನು ಇಂಗ್ಲಿಷಿನಲ್ಲಿ ಒಳ್ಳೆಯ ಹುಡುಗಿಯ ಹಾಗೆ ಬರೆದು ಕಳಿಸಿಯಾಯಿತು. ಅಲ್ಲಿ ಬರೆಯಲಾಗದ್ದಕ್ಕೆ ಇದು. ಯಾರೂ ಓದುವುದಿಲ್ಲವಾದ್ದರಿಂದ ಧಾರಾಳವಾಗಿ ಬೈಯಬಹುದು.

ಇವತ್ತು ಮೊದಲ ತರಗತಿ. ಪರದೆಯ ತುಂಬ ಚೌಕಗಳು, ಚೌಕಕ್ಕೊಬ್ಬರು ಕಿಡ್ನಿ ಡಾಕ್ಟರು, ಪ್ರತಿಯೊಬ್ಬರ ಬೆನ್ನಿಗೂ ಪುಸ್ತಕದ ಕಪಾಟು. ನನ್ನ ಬೆನ್ನಿಗೆ ಮೃತ್ಯುಂಜಯನ ಅರಿಶಿನದ ಮೂಟೆಗಳು. ಗಂಡ ಅರಿಶಿನದ ವ್ಯಾಪಾರಿಯಾದರೆ ಮನೆಯೇ ಗೋದಾಮು. ಕ್ಯಾಮೆರಾ ಆಫ್ ಮಾಡಿ ಕೂತೆ.

ಪಾಠ ಮಾಡುವವರು ಗಂಗಾಧರಸ್ವಾಮಿ ಎಂಬ ನಿವೃತ್ತ ಪ್ರೊಫೆಸರು. ಹೊರದೇಶದಲ್ಲಿದ್ದಾರೆ, ಇಂಗ್ಲಿಷು ಮಾತ್ರ ಇನ್ನೂ ಮೈಸೂರಿನದೇ. ಕಿಡ್ನಿಯ ಒಳಗಿನ ಜರಡಿಗಳ ಕಾಯಿಲೆ ಮಾತ್ರ ಇಡೀ ವರ್ಷದ ಪಾಠ. ಜರಡಿ ತೂತಾದರೆ ರಕ್ತದ ಪ್ರೋಟೀನು ಮೂತ್ರದಲ್ಲಿ ಸೋರುತ್ತದೆ, ಮೈಯೆಲ್ಲ ಊದುತ್ತದೆ, ಕೊನೆಗೊಂದು ದಿನ ಕಿಡ್ನಿಯೇ ಕೈಕೊಡುತ್ತದೆ. ನನ್ನ ಹತ್ತಿರ ಜನ ಬರುವುದು ಆ ಕೊನೆಯ ದಿನವಾದ ಮೇಲೆ. ಡಯಾಲಿಸಿಸ್ ಮಶೀನಿಗೆ ಜನ ಹತ್ತಿಸುವ ಕಂಡಕ್ಟರ್ ಆಗಿಬಿಟ್ಟಿದ್ದೇನೆ. ಒಂದೇ ಒಂದು ಕಿಡ್ನಿಯಾದರೂ ಕೆಡುವ ಮೊದಲು ನನ್ನ ಕೈಗೆ ಸಿಗಲಿ ಎಂಬ ಆಸೆಯಿಂದಲೇ ಸೇರಿದ್ದು.

ಭೀಮನ ಅಮಾವಾಸ್ಯೆ ಬೇರೆ. “ಗಂಡನ ಪಾದಪೂಜೆ ಮಾಡೋ ದಿವ್ಸ ಕಂಪ್ಯೂಟರ್ ಪೂಜೆ ಮಾಡ್ತಾ ಕೂತವಳೆ” ಎಂದು ಅತ್ತೆ ಚಿಕ್ಕಮಲ್ಲಮ್ಮನವರು ಅಡುಗೆಮನೆಯಿಂದಲೇ ಊರಿಗೆಲ್ಲ ಸಾರಿದರು. ತಲೆನೋವು.

ಆಗಸ್ಟ್ ೨೨, ಗುರುವಾರ, ಗುಂಡ್ಲುಪೇಟೆ

ಗುರುವಾರದ ಕ್ಲಿನಿಕ್ಕು. ಒಬ್ಬರಿಗೆ ನಾಲ್ಕು ನಿಮಿಷ ಎಂಬ ನಿಯಮ ಮಾಡಿಕೊಂಡಿರದಿದ್ದರೆ ಇಲ್ಲಿ ಬದುಕುವುದು ಸಾಧ್ಯವಿಲ್ಲ. ಹೊಟ್ಟೆ ಉಬ್ಬರ ಎಂದು ಬಂದವರು ಎಮ್ಮೆ ಕರು ಹಾಕಿದ್ದರಿಂದ ಶುರುಮಾಡುತ್ತಾರೆ. ಬೆಲ್ಲು ಒತ್ತಿ ಮುಂದಿನವರನ್ನು ಕರೆಯುತ್ತೇನೆ.

ಇವತ್ತು ಒಂದು ಒಳ್ಳೆಯ ಕೇಸು. ಹೆಂಗಸು, ಇಪ್ಪತ್ತಮೂರು ವರ್ಷ, ಹೆಸರು ಮಂಗಳಗೌರಿ. ಹರದನಹಳ್ಳಿಯ ಸೊಸೆ, ಕಾಡಂಚಿನ ಮದ್ದೂರು ತವರು. ತವರಿಗೆ ಬಿಟ್ಟುಬರಲು ಹೊರಟ ಅತ್ತೆ ಚಿಕ್ಕಬಸಮ್ಮ ಬಸ್ಸಿನಲ್ಲಿ ಸೊಸೆಯ ಮುಖ ಊದಿದ್ದು ಕಂಡು ಗುಂಡ್ಲುಪೇಟೆಯಲ್ಲೇ ಇಳಿಸಿಕೊಂಡು ಬಂದಿದ್ದಾರೆ. ಕಾಲ ಮೇಲೆ ಹೆಬ್ಬೆರಳು ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ. ಮೂತ್ರದಲ್ಲಿ ನೊರೆ.

“ಕಾಲುಂಗ್ರ ಹಿಡೀತಿರ್ನಿಲ್ಲ ಕಣ್ರವ್ವ, ಸೋಪಾಕಿ ತಗ್ದು ಪರ್ಸ್‌ನಾಗ ಇಟ್ಕಂಡಿವ್ನಿ” ಎಂದರು ಚಿಕ್ಕಬಸಮ್ಮ. ಕೇಳಿದ ಪ್ರಶ್ನೆಗೆಲ್ಲ ಅವರದೇ ಉತ್ತರ. ಸೊಸೆ ಬಾಯಿ ತೆಗೆಯಲಿಲ್ಲ.

ಮಾತ್ರೆ, ಔಷಧಿ, ನಾಟಿಮದ್ದು ಏನಾದರೂ ತೆಗೆದುಕೊಳ್ಳುತ್ತೀರಾ ಎಂದೆ. ಏನೂ ಇಲ್ಲ. ಮೂತ್ರದಲ್ಲಿ ಪ್ರೋಟೀನು ವಿಪರೀತ ಸೋರುತ್ತಿದೆ, ಆದರೆ ಕಿಡ್ನಿಯ ಕೆಲಸ ಇನ್ನೂ ಚೆನ್ನಾಗಿದೆ. ಅಂದರೆ ಕೆಡುವ ಮೊದಲು ಸಿಕ್ಕಿದೆ. ಕಿಡ್ನಿಯ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು.

ಸೆಪ್ಟೆಂಬರ್ ೮, ಭಾನುವಾರ

ಬಯಾಪ್ಸಿ ಬಂತು. ಜರಡಿಯ ಪೊರೆ ದಪ್ಪಗಾಗಿದೆ. ಮೆಂಬ್ರೇನಸ್ ಎಂಬ ಕಾಯಿಲೆ. ಸಾಮಾನ್ಯವಾಗಿ ಇದಕ್ಕೆ ಕಾರಣವಾಗುವ ಅಂಶ ರಕ್ತದಲ್ಲಿ ಸಿಗಲಿಲ್ಲ. ಹಾಗಿದ್ದರೆ ಯಾವುದರಿಂದ?

ನನ್ನ ಕೈಯಲ್ಲಿರುವ ಚಿಕಿತ್ಸೆ ಆರು ತಿಂಗಳ ಕೋರ್ಸು. ಅದರಲ್ಲಿ ಒಂದು ಮಾತ್ರೆ ಅಂಡಾಶಯವನ್ನೇ ಒಣಗಿಸಬಲ್ಲದು. ಮದುವೆಯಾಗಿ ಮೂರು ವರ್ಷ, ಮಗುವಿಲ್ಲ. ಇನ್ನೊಂದು ಇಂಜೆಕ್ಷನ್ನು ಇದೆ, ಅದರ ಬೆಲೆ ಅವರ ಮನೆಗೆ ನಿಲುಕುವುದಲ್ಲ.

ತರಗತಿಯಲ್ಲಿ ಕೇಳೋಣವೆಂದು ಎರಡು ಸಲ ಮೈಕಿನ ಮೇಲೆ ಬೆರಳಿಟ್ಟೆ. ಡೆಲ್ಲಿಯವನೊಬ್ಬ ಅಷ್ಟು ಸೊಗಸಾಗಿ ಮಾತಾಡುತ್ತಿದ್ದ. ಬೆರಳು ತೆಗೆದೆ.

ಸೆಪ್ಟೆಂಬರ್ ೨೨, ಭಾನುವಾರ

ಕೇಸು ಮಂಡಿಸುವ ಸರದಿ ನನ್ನದೇ ಬಂತು, ತಪ್ಪಿಸಿಕೊಳ್ಳಲಾಗಲಿಲ್ಲ. ಮುಖ ತೋರಿಸದೆ ಓದಿಬಿಟ್ಟೆ. ಗಂಗಾಧರಸ್ವಾಮಿಯವರು ಇನ್ನೊಂದು ವಿಶೇಷ ಬಣ್ಣದ ಪರೀಕ್ಷೆಗೆ ಬಯಾಪ್ಸಿಯ ತುಂಡನ್ನು ಬೆಂಗಳೂರಿಗೆ ಕಳಿಸಿ ಎಂದರು. ಯಾರೂ ನಗಲಿಲ್ಲ.

ಅಕ್ಟೋಬರ್ ೬, ಭಾನುವಾರ

ಆ ಬಣ್ಣ ಹತ್ತಿದೆ.

ತರಗತಿ ಮುಗಿದ ಮೇಲೆ ಪ್ರೊಫೆಸರು ನನ್ನೊಬ್ಬಳನ್ನೇ ಉಳಿಸಿಕೊಂಡು ಮಾತಾಡಿದರು. ಈ ಬಗೆಯದು ನಮ್ಮ ಕಡೆ ಹೆಚ್ಚಾಗಿ ಪಾದರಸದಿಂದ ಬರುತ್ತದಂತೆ. ಬಿಳುಪಿನ ಕ್ರೀಮು, ಇಲ್ಲವೇ ಭಸ್ಮ, ಸಿಂಧೂರ ಹಾಕಿದ ನಾಟಿಮದ್ದು. ಅದನ್ನು ನಿಲ್ಲಿಸಿದರೆ ಬಹುಪಾಲು ಜನರಲ್ಲಿ ಜರಡಿ ತಾನೇ ಮಾಗುತ್ತದೆ, ಆ ಕೆಟ್ಟ ಮಾತ್ರೆ ಬೇಕಾಗುವುದಿಲ್ಲ. ಪಾದರಸದ ಪರೀಕ್ಷೆ ಮಾಡಿಸಬಹುದು. ಆದರೆ ಇದೆಯೆಂದು ಗೊತ್ತಾದರೂ ಯಾವುದರಿಂದ ಎಂದು ತಿಳಿಯದೆ ನಿಲ್ಲಿಸುವುದು ಹೇಗೆ? “ನಿಮ್ಮ ಪೇಶಂಟ್ ಏನು ತೆಗೆದುಕೊಳ್ಳುತ್ತಿದ್ದಾಳೆ ಅಂತ ಕಂಡುಹಿಡಿಯಿರಿ. ಈ ತಿಂಗಳ ಕೊನೆಯೊಳಗೆ ಸಿಗದಿದ್ದರೆ ಕೋರ್ಸ್ ಶುರುಮಾಡಲೇಬೇಕು, ಕಾಯುವುದು ಅಪಾಯ” ಎಂದರು. ಇಷ್ಟನ್ನೂ ಕನ್ನಡದಲ್ಲೇ ಹೇಳಿದರು.

ಏನೂ ತೆಗೆದುಕೊಳ್ಳುತ್ತಿಲ್ಲ ಎಂದು ಚಿಕ್ಕಬಸಮ್ಮ ನನ್ನೆದುರೇ ಹೇಳಿದ್ದರು, ಸೊಸೆ ತಲೆಯಾಡಿಸಿದ್ದಳು. ಸುಳ್ಳು ಹೇಳುವವರಿಗೆ ಚಿಕಿತ್ಸೆ ಮಾಡುವ ಕರ್ಮ ನನ್ನದು.

ಅಕ್ಟೋಬರ್ ೮, ಮಂಗಳವಾರ

ಇಬ್ಬರನ್ನೂ ಚಾಮರಾಜನಗರದ ಆಸ್ಪತ್ರೆಗೇ ಕರೆಸಿದೆ. ಊತ ತೊಡೆಯವರೆಗೆ ಏರಿದೆ. ಕ್ರೀಮು ಹಚ್ಚುತ್ತೀಯಾ? ಇಲ್ಲ. ಭಸ್ಮ? ಇಲ್ಲ. ಕಷಾಯ, ಪುಡಿ, ಗುಳಿಗೆ? ಇಲ್ಲ, ಇಲ್ಲ, ಇಲ್ಲ, ಎಲ್ಲವೂ ಚಿಕ್ಕಬಸಮ್ಮನ ಬಾಯಿಂದಲೇ. ಮಂಗಳಗೌರಿ ಗೋಡೆ ಗಡಿಯಾರ ನೋಡುತ್ತಿದ್ದಳು. ಚಿಕ್ಕಬಸಮ್ಮ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡಿಬಿಟ್ಟರು.

ಕೂಗಾಡಿದೆ. ಹೊರಗಿನ ಬೆಂಚಿನವರಿಗೂ ಕೇಳಿಸಿರಬೇಕು. “ಕಿಡ್ನಿ ಹೋದರೆ ನನ್ನ ಹತ್ತಿರ ಬರಬೇಡಿ” ಎಂದೂ ಅಂದೆ. ಚಿಕ್ಕಬಸಮ್ಮ ಕೈಮುಗಿದು ಸೊಸೆಯನ್ನು ಎಬ್ಬಿಸಿಕೊಂಡು ಹೋದರು.

ಅಕ್ಟೋಬರ್ ೧೨, ಶನಿವಾರ, ವಿಜಯದಶಮಿ

ಹಬ್ಬದೂಟವಾದ ಮೇಲೆ ಮೃತ್ಯುಂಜಯ ಬನ್ನಿ ಎಲೆ ಕೊಟ್ಟು, “ಮಧುಶ್ರೀ, ಯಾಕೆ ಮುಖ ಇಂಗದ?” ಎಂದ. ಹೆಸರು ಹೇಳದೆ ಕಥೆ ಹೇಳಿದೆ. ಸಾಕ್ಷಿ ಇದ್ದರೂ ಸುಳ್ಳು ಹೇಳುತ್ತಾರೆ, ಇಂಥವರಿಗೆ ಏನು ಮಾಡಬೇಕು ಎಂದೆ.

ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಅತ್ತೆ, “ಸುಳ್ಳಲ್ಲ ಬುಡು ಅದು” ಎಂದರು.

“ಇನ್ನೇನು?”

“ಎರಡು ವೀಳ್ಯದೆಲೆ ಕೊಟ್ಟು ಈಸ್ಕಂಡಿರೋ ಮದ್ದಾದ್ರ ಬಾಯಿ ಬುಡಂಗಿಲ್ಲ ಕಣಮ್ಮಿ. ಹೇಳುದ್ರ ಫಲ ಓಯ್ತದ. ಮಕ್ಕಳ ಮದ್ದಾದ್ರ ತೊಟ್ಲು ಕಟ್ಟೋಗಂಟ ಗಂಡನ್ಗೂ ಹೇಳಂಗಿಲ್ಲ.”

ನಿಮಗೆ ಹೇಗೆ ಗೊತ್ತು ಎಂದೆ. ಅತ್ತೆ ಮಗನ ಮುಖ ನೋಡಿದರು, ಇನ್ನೊಂದು ಎಲೆಗೆ ಸುಣ್ಣ ಸವರಿದರು. ಮೃತ್ಯುಂಜಯನಿಗೆ ನಲವತ್ತೆರಡು ವರ್ಷ. ತೊಟ್ಟಿಲು ಕಟ್ಟಿ ಬಿಚ್ಚಿ ಅಟ್ಟಕ್ಕೆ ಹಾಕಿಯೇ ಯಾವ ಕಾಲವಾಯಿತು, ಇವರಿನ್ನೂ ಬಾಯಿ ಬಿಡುತ್ತಿಲ್ಲ.

“ಏನ ಕೊಟ್ರು ಅಂತ ಕೇಳುದ್ರ ಹೆಂಗ ಹೇಳರು ಪಾಪ? ಯಾರು ಕೊಟ್ರು ಅಂತ ಕೇಳು. ಅದನ್ನ ಹೇಳಬೋದು. ಕಟ್ಟಿದ ಮಾತ ಕೊಟ್ಟವ್ರೇ ಬಿಚ್ಬೇಕು.”

ಹತ್ತು ವರ್ಷ ಓದಿ ಡಾಕ್ಟರಾಗಿರುವ ನನಗೆ ಇವರು ಕೇಳುವುದು ಹೇಗೆಂದು ಹೇಳಿಕೊಡುತ್ತಾರೆ. ಆದರೂ ನೋಡೋಣ.

ಅಕ್ಟೋಬರ್ ೧೫, ಮಂಗಳವಾರ

ಮತ್ತೆ ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಫೋನ್ ಮಾಡಿದ್ದಕ್ಕೆ ಬಂದರು. ಬೈದದ್ದು ತಪ್ಪಾಯಿತು ಎಂದೆ. ಯಾರು ಕೊಟ್ಟರು ಎಂದಷ್ಟೇ ಕೇಳಿದೆ.

“ಪುಣಜನೂರ ದೊಡ್ಡಮಾದಮ್ಮ” ಎಂದಳು ಮಂಗಳಗೌರಿ. ಅವಳ ಧ್ವನಿಯನ್ನು ನಾನು ಕೇಳಿದ್ದು ಅದೇ ಮೊದಲು. ಚಿಕ್ಕಬಸಮ್ಮ ಒಂದು ದೊಡ್ಡ ಉಸಿರು ಬಿಟ್ಟು, “ಇದ್ನ ಮೊದ್ಲೇ ಕೇಳ್ಬಾರ್ದಾಗಿತ್ತಾ ಕಣ್ರವ್ವ” ಎಂದರು.

ಅಕ್ಟೋಬರ್ ೨೦, ಭಾನುವಾರ

ತರಗತಿಗೆ ಚಕ್ಕರ್. ಮೃತ್ಯುಂಜಯ ಕಾರು ತೆಗೆದ. ಹರದನಹಳ್ಳಿಯಲ್ಲಿ ಅತ್ತೆ ಸೊಸೆಯನ್ನು ಹತ್ತಿಸಿಕೊಂಡು ಪುಣಜನೂರಿಗೆ ಹೋದೆವು. ದಾರಿಯುದ್ದಕ್ಕೂ ನಾನು ದೊಡ್ಡಮಾದಮ್ಮನಿಗೆ ಹೇಳಬೇಕಾದ ಖಾರದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಕೇಸು ಹಾಕಿಸುತ್ತೇನೆ ಎನ್ನುವುದೂ ಅದರಲ್ಲಿತ್ತು.

ಮನೆ ಸತ್ಯಮಂಗಲದ ರಸ್ತೆಯಿಂದ ಸ್ವಲ್ಪ ಒಳಗೆ. ಎಪ್ಪತ್ತು ದಾಟಿದ ಹೆಂಗಸು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ನನ್ನ ಕಣ್ಣು ಮೊದಲು ಹೋದದ್ದು ಆ ಕಾಲುಗಳ ಮೇಲೆ. ಚರ್ಮ ಬಿಗಿದು ಮಿರಮಿರ ಮಿಂಚುತ್ತಿತ್ತು. ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಬಗ್ಗಿ ಹೆಬ್ಬೆರಳು ಒತ್ತಿದೆ. ಗುಳಿ ಹಾಗೇ ನಿಂತಿತು.

“ಯಾವಾಗಿಂದ ಅಜ್ಜಿ?”

“ಮಳಗಾಲದಿಂದ್ಲೂ ಇಂಗೇಯ. ವಯಸ್ಸಾಯ್ತಲ್ಲ, ನೀರಿಳೀತದ. ಯಾರ ನೀನು?”

ಡಾಕ್ಟರು ಎಂದೆ. ಬಂದ ಕಾರಣ ಹೇಳಿದೆ. ಅವರು ಮಂಗಳಗೌರಿಯನ್ನು ಹತ್ತಿರ ಕರೆದು ಕೂರಿಸಿಕೊಂಡು ಕೆನ್ನೆ ಸವರಿದರು. ಅವಳ ಕಾಲು ನೋಡಿದರು, ತಮ್ಮ ಕಾಲು ನೋಡಿಕೊಂಡರು. ನಿಮಗೆ ಯಾಕೆ ಬಂತು, ನೀವೂ ಆ ಮದ್ದು ತಿನ್ನುತ್ತೀರಾ ಎಂದೆ.

“ತಿನ್ನದೇನು? ನೆಕ್ಕದೇ ಕೊಡಂಗಿಲ್ಲ. ನಮ್ಮವ್ವ ಹಾಕ್ಕೊಟ್ಟ ಕಟ್ಟಳೆ. ಇನ್ನೊಬ್ರ ಬಾಯಿಗೆ ಹಾಕಾಕ ಮುಂಚ ನನ್ ಬಾಯಿಗೆ ಹಾಕ್ಕಬೇಕು. ಮೊದ್ಲು ನಾನು ನೆಕ್ತೀನಿ, ಆಮೇಲೆ ಕೊಡದು.”

ಎಷ್ಟು ಜನರಿಗೆ ಕೊಟ್ಟಿದ್ದರೋ ಅಷ್ಟು ಸಲ ನೆಕ್ಕಿದ್ದಾರೆ.

ಚೀಲದಲ್ಲಿ ಮೂತ್ರ ಪರೀಕ್ಷೆಯ ಪಟ್ಟಿಗಳಿದ್ದವು, ಪ್ರೋಟೀನು ಇದ್ದರೆ ಹಸಿರಾಗುವಂಥವು. ಅಜ್ಜಿಯದು, ಮಂಗಳಗೌರಿಯದು, ಎರಡೂ ಅಲ್ಲೇ ನೋಡಿದೆ. ಹಳದಿ ಪಟ್ಟಿ ಇಬ್ಬರದೂ ಕಡುಹಸಿರಾಯಿತು. ಎರಡನ್ನೂ ಪಕ್ಕಪಕ್ಕ ಜಗಲಿಯ ಮೇಲಿಟ್ಟೆ, ಜೊತೆಗೆ ನನ್ನದೂ ಒಂದು. ನನ್ನದು ಹಳದಿಯಾಗೇ ಇತ್ತು. ದೊಡ್ಡಮಾದಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಒಂದು ಡಬ್ಬಿ ತಂದರು. ಕಡುಗೆಂಪು ಪುಡಿ, ಪ್ರೊಫೆಸರು ಹೇಳಿದ್ದ ಪಾದರಸದ ಸಿಂಧೂರದ ಬಣ್ಣ.

“ಮೊದ್ಲು ಬೇರು ತಂದು ಅರೆದು ಕೊಡ್ತಿದ್ದಿ. ಈಗ ಫಾರೆಸ್ಟ್‌ನವ್ರು ಒಳಕ್ಕ ಬುಡದಿಲ್ಲ. ಬಂದವ್ರ ಬರಿಗೈಲಿ ಕಳ್ಸದು ಹೆಂಗ? ಗಡಿಯಾಚ ತಮಿಳ್ನಾಡ್ನ ಒಂದಂಗ್ಡೀಲಿ ಸೆಂದೂರಂ ಅಂತ ಇದ್ನ ಕೊಟ್ಟ. ಎರಡೊರ್ಸಾಯ್ತು. ನಾನೇ ಎಲ್ರಿಗೂ ಇಕ್ಬುಟ್ನಲ್ಲವ್ವಾ.”

ಕೇಸು ಹಾಕಿಸುವವಳು ನಾನೇ ಅವರ ಪಕ್ಕ ಕೂತು, ನಿಮಗೆ ಗೊತ್ತಿರಲಿಲ್ಲವಲ್ಲ ಎಂದೆ. ಅತ್ತರು. ನನಗೂ ಅಳು ಬಂತು.

ಆಮೇಲೆ ಎರಡು ವೀಳ್ಯದೆಲೆ ತಂದು ಚಿಕ್ಕಬಸಮ್ಮನ ಮಡಿಲಿಗೆ ಹಾಕಿದರು. “ನಿಮ್ ಎಲೆ ನಿಮಗ ಬಂತು, ಮಾತು ಬಿಚ್ಚುದ್ದಿ” ಎಂದರು. ತಕ್ಷಣ ಮಂಗಳಗೌರಿ ಹೇಳಲಾರಂಭಿಸಿದಳು. ಮುಂಜಾನೆ ಬೆಣ್ಣೆಯಲ್ಲಿ, ಕಡಲೆಕಾಳಿನಷ್ಟು, ಸಂಕ್ರಾಂತಿಯಿಂದ. ಇವತ್ತು ಬೆಳಿಗ್ಗೆಯೂ ತಿಂದಿದ್ದಾಳೆ. ಕಣ್ಣಲ್ಲಿ ನೀರು, ಮಾತು ನಿಲ್ಲುತ್ತಿಲ್ಲ.

ಪುಡಿ ನಿಲ್ಲಬೇಕು ಎಂದೆ. ಸೋರಿಕೆ ತಗ್ಗಿಸುವ ಒಂದು ಸಾಧಾರಣ ಮಾತ್ರೆಯನ್ನು ಇಬ್ಬರಿಗೂ ಕೊಟ್ಟೆ. ದೊಡ್ಡಮಾದಮ್ಮ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು.

“ನೀನು ನೆಕ್ಕಿದ್ದಿಯಾ ಇದ್ನ?”

ಇಲ್ಲ ಎಂದೆ.

“ಮತ್ತ ಕೊಡ್ತಿದ್ದಿಯಲ್ಲ.”

ಮೃತ್ಯುಂಜಯ ಆ ಕಡೆ ತಿರುಗಿ ನಗುತ್ತಿದ್ದ. ಒಂದು ಮಾತ್ರೆ ಬಿಡಿಸಿ ನೆಕ್ಕಿದೆ. ಸೀಮೆಸುಣ್ಣದ ರುಚಿ. ಆಮೇಲೆ ಅವರು ನುಂಗಿದರು. ಆನೆ ರಸ್ತೆಗಿಳಿಯುವ ಹೊತ್ತಿಗೆ ಮುಂಚೆ ಹೊರಟುಬಂದೆವು. ಯಾರ್ಯಾರಿಗೆ ಪುಡಿ ಕೊಟ್ಟಿದ್ದಾರೋ ಎಲ್ಲರಿಗೂ ಎಲೆ ವಾಪಸ್ ಕೊಟ್ಟು ನನ್ನ ಹತ್ತಿರ ಕಳಿಸುತ್ತಾರಂತೆ.

ನವೆಂಬರ್ ೩, ಭಾನುವಾರ

ಗಂಗಾಧರಸ್ವಾಮಿಯವರು ಗೈರುಹಾಜರಿಗೆ ಕಾರಣ ಕೇಳಿದರು. ಹೇಳಿದೆ. ಡೆಲ್ಲಿಯವನು ಮೈಕ್ ಆನ್ ಮಾಡಿ, ನೀವು ನಿಜವಾಗಲೂ ಮಾತ್ರೆ ನೆಕ್ಕಿದಿರಾ ಎಂದ. ಹೌದು ಎಂದೆ. ಈಗ ಕಾಯಬೇಕು, ಕಿಡ್ನಿಯ ಕೆಲಸ ಕುಂದಿದರೆ ಮಾತ್ರ ಕೋರ್ಸು ಎಂದು ಪ್ರೊಫೆಸರು ಒಪ್ಪಿದರು.

ನವೆಂಬರ್ ೨೬, ಮಂಗಳವಾರ

ಮಂಗಳಗೌರಿಯದು ಏನೂ ಇಳಿದಿಲ್ಲ. ಮೊದಲಿಗಿಂತ ಒಂದು ಚೂರು ಜಾಸ್ತಿಯೇ ಸೋರುತ್ತಿದೆ. ಕಾಯುತ್ತಾ ಕೂತು ಅವಳ ಕಿಡ್ನಿಯನ್ನು ನಾನೇ ಕಳೆದೆನೇ? ಭಯವಾಗುತ್ತಿದೆ.

ಡಿಸೆಂಬರ್ ೨೪, ಮಂಗಳವಾರ

ಅರ್ಧಕ್ಕೆ ಇಳಿದಿದೆ. ರಿಪೋರ್ಟು ಎರಡು ಸಲ ಓದಿದೆ, ಲ್ಯಾಬಿಗೆ ಫೋನ್ ಮಾಡಿ ಹೆಸರು ಸರಿಯಾಗಿದೆಯೇ ಎಂದು ಕೇಳಿದೆ. ಸರಿಯಾಗಿದೆ. ಮನೆಗೆ ಬಂದು ಅತ್ತೆಗೆ ಹೇಳಿದೆ. “ಊಟ ಮಾಡು ಮೊದ್ಲು” ಎಂದರು. ಎರಡು ರಾಗಿಮುದ್ದೆ ತಿಂದೆ.

ಜನವರಿ ೧೪, ೨೦೨೫, ಸಂಕ್ರಾಂತಿ

ಮಂಗಳಗೌರಿ ಎಳ್ಳುಬೆಲ್ಲ ಕೊಡಲು ಮನೆಗೇ ಬಂದಿದ್ದಳು. ಚಪ್ಪಲಿ ಬಿಟ್ಟು ಒಳಗೆ ಬಂದಾಗ ಕಾಲು ನೋಡಿದೆ. ಕಾಲುಂಗುರ ಹಾಕಿದ್ದಾಳೆ. ಸುಖವಾಯಿತು.

ಅತ್ತೆ ಅವಳನ್ನು ಪಕ್ಕ ಕೂರಿಸಿಕೊಂಡು ಅದೇನೇನೋ ಮಾತಾಡಿದರು. ನಾನು ಹೋದರೆ ಸುಮ್ಮನಾಗುತ್ತಿದ್ದರು.

ಏಪ್ರಿಲ್ ೨೭, ಭಾನುವಾರ

ಮಂಗಳಗೌರಿಯ ಮೂತ್ರದಲ್ಲಿ ಪ್ರೋಟೀನು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ದೊಡ್ಡಮಾದಮ್ಮನದು ನಿಧಾನ, ಆದರೆ ಇಳಿಯುತ್ತಿದೆ. ಅವರು ಎಲೆ ವಾಪಸ್ ಕೊಟ್ಟು ಕಳಿಸಿದವರಲ್ಲಿ ಇನ್ನಿಬ್ಬರಿಗೆ ಇದೇ ಕಾಯಿಲೆ ಇತ್ತು, ಇಬ್ಬರೂ ಚೇತರಿಸಿಕೊಳ್ಳುತ್ತಿದ್ದಾರೆ. ಒಬ್ಬರೂ ಡಯಾಲಿಸಿಸ್ಸಿಗೆ ಬರಲಿಲ್ಲ. ಬಹಳ ದಿನದ ಮೇಲೆ ಮಧ್ಯಾಹ್ನ ನಿದ್ದೆ ಮಾಡಿದೆ.

ಸೋರಿಕೆ ತಗ್ಗಿಸುವ ಆ ಮಾತ್ರೆ ಬಸುರಿಗೆ ಆಗದು, ಅದನ್ನು ನಿಲ್ಲಿಸಿದ್ದೇನೆ. ಇನ್ನು ನಾಲ್ಕು ತಿಂಗಳು ಹೀಗೇ ಇದ್ದರೆ ಮಗುವಿನ ಯೋಚನೆ ಮಾಡಬಹುದು ಎಂದು ಮಂಗಳಗೌರಿಗೆ ಹೇಳಿದೆ. ಅವಳು ಬೆರಳಲ್ಲಿ ತಿಂಗಳು ಎಣಿಸತೊಡಗಿದಳು.

ಜುಲೈ ೬, ಭಾನುವಾರ

ಕೊನೆಯ ತರಗತಿ, ಕೊನೆಯ ಮಂಡನೆ. ನಾಲ್ಕು ಜನರ ಕೇಸು ಹೇಳಿದೆ. ಪರೀಕ್ಷಕರಾಗಿ ಬಂದ ಒಬ್ಬರು ಮೇಡಂ, ಯಾವ ಔಷಧಿಯಿಂದ ಗುಣವಾಯಿತು ಎಂದರು. ಒಂದು ಔಷಧಿ ನಿಲ್ಲಿಸಿದ್ದರಿಂದ ಎಂದೆ. ರೋಗಿಯ ಬಾಯಿ ಬಿಡಿಸಿದ್ದು ಹೇಗೆ ಎಂದು ಕೇಳಿದರು. ನಮ್ಮತ್ತೆ ಹೇಳಿಕೊಟ್ಟರು ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಗಂಗಾಧರಸ್ವಾಮಿಯವರು, “ಹಿಂದೆ ಕಾಣುತ್ತಿರುವುದು ಏನಮ್ಮ, ಅರಿಶಿನವೇ?” ಎಂದರು. ಹೌದು ಸರ್, ಈ ವರ್ಷದ ಬೆಳೆ ಎಂದೆ.

ಅಕ್ಟೋಬರ್ ೧೬, ಗುರುವಾರ, ಗುಂಡ್ಲುಪೇಟೆ

ಫೆಲೋಶಿಪ್ಪಿನ ಸರ್ಟಿಫಿಕೇಟ್ ಬಂದಿದೆ. ಫ್ರೇಮ್ ಹಾಕಿಸಬೇಕು.

ಇತ್ತೀಚೆಗೆ ಗುಂಡ್ಲುಪೇಟೆಯ ಜನ ಬಹಳ ಮಾತಾಡುತ್ತಾರೆ. ಮೊದಲು ಹೀಗಿರಲಿಲ್ಲ, ಯಾಕೋ ಗೊತ್ತಿಲ್ಲ. ಒಬ್ಬ ಮುದುಕರು ಚೆಂಡುಹೂವಿನ ಬೆಳೆಯ ವಿಚಾರ ಶುರುಮಾಡಿದವರು ಮುಗಿಸುವ ಹೊತ್ತಿಗೆ ನನ್ನ ಟೀ ಆರಿಹೋಗಿತ್ತು. ಕ್ಲಿನಿಕ್ ಮುಗಿದದ್ದು ಸಂಜೆ. ಬೆಲ್ಲು ಕೆಟ್ಟು ಎಷ್ಟು ದಿನವಾಯಿತೋ, ಇವತ್ತೂ ರಿಪೇರಿಗೆ ಕೊಡುವುದು ಮರೆಯಿತು.

ಕೊನೆಗೆ ಬಂದವಳು ಮಂಗಳಗೌರಿ, ಒಬ್ಬಳೇ. ತವರಿಗೆ ಹೊರಟಿದ್ದವಳು ನಡುವೆ ಇಳಿದು ಬಂದಿದ್ದಾಳೆ. ರಿಪೋರ್ಟು ಚೆನ್ನಾಗಿದೆ, ಬಿಪಿ ಚೆನ್ನಾಗಿದೆ. ಹೋಗುವಾಗ ಪರ್ಸಿನಿಂದ ಎರಡು ವೀಳ್ಯದೆಲೆ ತೆಗೆದು ನನ್ನ ಮೇಜಿನ ಮೇಲಿಟ್ಟಳು. “ಒಂದ್ ಮಾತ ಹೇಳ್ತಿನಿ ಡಾಕ್ಟ್ರೇ. ನಮ್ಮತ್ತಗೂ ಹೇಳಿಲ್ಲ ಇನ್ನೂವೆ. ಮೊದ್ಲು ಎಲೆ ತಕ್ಕಳಿ” ಎಂದಳು. ತೆಗೆದುಕೊಂಡೆ. ಹೇಳಿದಳು.

ನನಗೆ ತಡೆಯಲಾಗಲಿಲ್ಲ, ಅವಳನ್ನು ತಬ್ಬಿಕೊಂಡೆ.

ರಾತ್ರಿ ಅತ್ತೆ ನನ್ನ ಚೀಲದಲ್ಲಿ ಎಲೆ ನೋಡಿ, “ಏನಮ್ಮಿ ಇದು, ಏನ ವಿಷ್ಯ?” ಎಂದರು. ಯಾರು ಕೊಟ್ಟರು ಅಂತ ಬೇಕಾದರೆ ಕೇಳಿ ಅತ್ತೆ, ಹೇಳುತ್ತೇನೆ ಎಂದೆ. ಅತ್ತೆ ಒಂದು ಗಳಿಗೆ ನನ್ನ ಮುಖ ನೋಡಿ, ಅಟ್ಟದ ಕಡೆ ನೋಡಿ, ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು.

ಮಂಗಳಗೌರಿ ಏನು ಹೇಳಿದಳೆಂದು ಇಲ್ಲಿಯೂ ಬರೆಯುವುದಿಲ್ಲ.